ಭಾವನ ಕಾರಿನ ಬಾಗಿಲು

ಅಕ್ಕನ ಫೋನ್ ಬಂದಾಗ ಕನ್ನಡಿ ಬಾಯಲ್ಲಿ ಬ್ರಷ್ ಇಟ್ಟುಕೊಂಡು ನಿಂತಿದ್ದ. ಕನ್ನಡಿ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಗ್ಯಾರೇಜಿನವರು ಇಟ್ಟದ್ದು. ಎಂಥ ಮಾಸಿದ ಕಾರು ಬಂದರೂ "ಇದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬೇಕು, ಹಂಗ್ ಮಾಡ್ಕೊಡ್ತೀನಿ" ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದನಲ್ಲ, ಅದರಿಂದ ಅಂಟಿಕೊಂಡ ಹೆಸರು. ಕೊಚ್ಚಿದ್ದನ್ನು ಮಾಡಿಯೂ ತೋರಿಸುತ್ತಿದ್ದ. ಅವನ ಮೇಲೆ ಎಷ್ಟು ಸಿಟ್ಟಿದ್ದರೂ ಅವನ ಕೈಗುಣವನ್ನು ಅಲ್ಲಗಳೆಯುವಂತಿಲ್ಲ.

"ಲೋ, ಎಲ್ಲಿದೀಯ? ಈಗ್ಲೇ ಬಾ. ಮೆಶಿನ್ ತಗೊಂಡ್ ಬಾ." ಅಕ್ಕ ಪಿಸುಗುಟ್ಟುತ್ತಿದ್ದಳು. ಮನೆಯಲ್ಲಿ ತಾನೊಬ್ಬಳೇ ಇದ್ದಾಗಲೂ ಅವಳು ಪಿಸುಮಾತಿನಲ್ಲೇ ಮಾತಾಡುವುದು. ಮದುವೆಗೆ ಮುಂಚೆ ಬೀದಿಯ ಈ ತುದಿಯಲ್ಲಿ ನಿಂತು ಆ ತುದಿಯವರನ್ನು ಕೂಗಿ ಕರೆಯುತ್ತಿದ್ದ ಹೆಂಗಸು.

"ಏನಾಯ್ತಕ್ಕ?"

"ಕಾರಿಗೆ ಗೀರು ಬಿದ್ದಿದೆ ಕಣೋ. ಡ್ರೈವರ್ ಕಡೆ ಬಾಗಿಲು, ಉದ್ದಕ್ಕೂ. ಅವರು ಮೀಟಿಂಗಿಗೆ ಅಂತ ಬೇರೆ ಊರಿಗೆ ಹೋಗಿದಾರೆ, ಸಾಯಂಕಾಲ ಬರ್ತಾರೆ."

ಕನ್ನಡಿ ಬಾಯಿಯ ನೊರೆಯನ್ನು ಉಗಿಯುವುದನ್ನೂ ಮರೆತ. ಬೇರೆ ಯಾರ ಮನೆಯಲ್ಲಾದರೂ ಕಾರಿಗೆ ಗೀರು ಬಿದ್ದರೆ ಗಂಡ ಎರಡು ಮಾತು ಆಡಿಯಾನು, ಹೆಂಡತಿ ನಾಲ್ಕು ಮಾತು ತಿರುಗಿಸಿಯಾಳು, ಅಲ್ಲಿಗೆ ಮುಗಿಯಿತು. ಭಾವನ ಮನೆಯ ರೀತಿಯೇ ಬೇರೆ. ಇಸ್ತ್ರಿ ಮಾಡಿದ ಅಂಗಿಯ ಕಾಲರಿನಲ್ಲಿ ಒಂದು ಸುಕ್ಕು ಉಳಿದದ್ದಕ್ಕೆ ಹೋದ ವರ್ಷ ಅಕ್ಕನ ಎಡಗೈ ಮಣಿಕಟ್ಟು ಮುರಿದಿತ್ತು. ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ಡಾಕ್ಟರಿಗೆ ಹೇಳಿದ್ದು ಭಾವ. ಹೌದು ಎಂದು ತಲೆಯಾಡಿಸಿದ್ದು ಅಕ್ಕ. ಪಕ್ಕದಲ್ಲಿ ನಿಂತು ಎಕ್ಸ್‌ರೇ ಹಿಡಿದುಕೊಂಡಿದ್ದವನು ಕನ್ನಡಿ. ಅಂಗಿಯ ಸುಕ್ಕಿಗೆ ಒಂದು ಕೈ ಹೋದರೆ ಕಾರಿನ ಗೀರಿಗೆ ಏನು ಹೋದೀತು? ಭಾವನಿಗೆ ಆ ಕಡುನೀಲಿ ಕಾರೆಂದರೆ ಪ್ರಾಣ. ಅಕ್ಕ ಅದರ ಚಾವಿ ಮುಟ್ಟುವಂತಿರಲಿಲ್ಲ.

ಅವನು ದಡಬಡ ಮಾಡುತ್ತ ವ್ಯಾನಿಗೆ ಸಾಮಾನು ತುಂಬುವಾಗ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಕಣ್ಣಲ್ಲೇ ಎಲ್ಲ ಅರ್ಥ ಮಾಡಿಕೊಂಡಳು.

"ಮತ್ತೆ ಪಾಲಿಶಾ?"

"ಅಕ್ಕಂಗೆ ತೊಂದ್ರೆ ಆಗಿದೆ ಕಣೇ."

"ನಿಮ್ಮ ಭಾವನ ಕಾರು ಹೊಳೆದಷ್ಟೂ ನಿಮ್ಮಕ್ಕ ಮಾಸ್ತಾ ಇದಾರೆ. ನೋಡಿದೀರಾ?" ಎಂದವಳು ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಕನ್ನಡಿಗೆ ರೇಗಿತು. ನಿಜ ಹೇಳಿದವರ ಮೇಲೆ ರೇಗುವುದು ಸುಲಭ, ಖರ್ಚಿಲ್ಲದ ಕೆಲಸ.

ಅಕ್ಕ ಗೇಟಿನಲ್ಲೇ ಕಾಯುತ್ತಿದ್ದಳು. ಅವಳ ಮನೆ ಒಂದು ಕಿರಿದಾದ ಬೀದಿಯಲ್ಲಿತ್ತು: ಎರಡು ಬಿಳಿ ಕಂಬಗಳ ನಡುವೆ ಕಬ್ಬಿಣದ ಗೇಟು, ಒಳಗೆ ಒಂದು ಕಾರು ನಿಲ್ಲುವಷ್ಟು ಸಿಮೆಂಟು ನೆಲ, ಪಕ್ಕದ ಮನೆಗೂ ಇದಕ್ಕೂ ನಡುವೆ ಎದೆಮಟ್ಟದ ಗೋಡೆ. ಕಾರು ನಿಂತಿತ್ತು. ಚಾಲಕನ ಬದಿಯ ಬಾಗಿಲಿನ ಮೇಲೆ ಮೊಳದುದ್ದದ ಗೀರು, ಬಾಗಿಲಿನ ನಡುವೆ ಹಾಯುವ ಏಣಿನ ಗುಂಟವೇ ಬಿದ್ದಿತ್ತು. ತಗಡಿನಲ್ಲಿ ಚೂಪಾಗಿ ಎತ್ತಿದ ಆ ಏಣು ಕಾರಿಗೆ ಅಂದ. ಪಾಲಿಶ್ ಮಾಡುವವನಿಗೆ ಯಮ. ಸಮತಟ್ಟಾದ ಜಾಗಕ್ಕಿಂತ ಅಲ್ಲಿ ಬಣ್ಣ ತೆಳ್ಳಗೆ ಕೂತಿರುತ್ತದೆ.

"ಹೋಗುತ್ತೇನೋ?" ಅಕ್ಕ ಕೇಳಿದಳು.

ಕನ್ನಡಿ ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳ ಉಗುರನ್ನು ಗೀರಿಗೆ ಅಡ್ಡವಾಗಿ ಎಳೆದ. ಉಗುರು ತಡೆಯದೆ ಜಾರಿದರೆ ಗೀರು ಮೇಲುಮೇಲಿನದು, ತಡೆದರೆ ಆಳದ್ದು. ಹಿಂದಿನ ತುದಿಯಲ್ಲಿ ಜಾರಿತು. ಮುಂದಿನ ತುದಿಯಲ್ಲಿ, ಅಂಗೈ ಅಗಲದ ಜಾಗದಲ್ಲಿ, ಟಕ್ ಎಂದು ತಡೆಯಿತು.

"ಹೋಗುತ್ತೆ," ಎಂದ. ಗಿರಾಕಿಗಳಿಗೆ ಹೇಳಿ ಹೇಳಿ ನಾಲಿಗೆಗೆ ಅಭ್ಯಾಸವಾಗಿತ್ತು.

ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಗೀರಿನೊಳಗಿಂದ ಸುಣ್ಣದಂಥ ಬಿಳಿ ಪುಡಿ ಬಂತು. ಮುಂದಿನ ತುದಿಯಲ್ಲಿ ದಟ್ಟವಾಗಿ, ಹಿಂದಕ್ಕೆ ಹೋದಂತೆ ತೆಳ್ಳಗಾಗಿ. ಕನ್ನಡಿಯ ಕೈ ಒಂದು ಕ್ಷಣ ನಿಂತಿತು. ಗೀರನ್ನು ಓದುವುದು ಅವನಿಗೆ ಕಸುಬಿನಿಂದ ಬಂದ ವಿದ್ಯೆ.

"ಹೆಂಗ್ ತಾಗ್ತಕ್ಕ?"

"ಹೊರಗೆ ತೆಗೆಯೋವಾಗ ಕಂಬಕ್ಕೆ ತಾಗ್ತು. ಅಂಗಡಿಗೆ ಹೋಗೋಣ ಅಂತ ತೆಗೆದೆ."

ಈ ಕಾರು ಯಾವತ್ತೂ ಮುಖ ಒಳಗೆ ಮಾಡಿಯೇ ನಿಲ್ಲುವುದು. ಹೊರಗೆ ತೆಗೆಯಬೇಕೆಂದರೆ ಹಿಂದಕ್ಕೆ ಹೋಗಬೇಕು. ಹಿಂದಕ್ಕೆ ಹೋಗುವಾಗ ತಾಗಿದ್ದರೆ ಗೀರು ಬಾಗಿಲಿನ ಹಿಂದಿನಿಂದ ಶುರುವಾಗಬೇಕಿತ್ತು. ಇದು ಮುಂದಿನಿಂದ ಶುರುವಾಗಿತ್ತು. ಇವಳು ಒಳಗೆ ಬರುವಾಗ ತಾಗಿಸಿದ್ದಾಳೆ. ಅದನ್ನು ಕೇಳಬೇಕೆಂದು ಬಾಯಿ ತೆರೆದವನು ಸುಮ್ಮನಾದ. ಹೋಗುವಾಗಲೋ ಬರುವಾಗಲೋ, ಗೀರು ಗೀರೇ ತಾನೆ. ಮೊದಲು ಅದು ಹೋಗಲಿ.

ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರನ್ನು ಬಾಗಿಲಿಗೆ ಒತ್ತಿ ಹಿಡಿದ. ಕಾರಿನ ಬಣ್ಣದ ಮೇಲೆ ಗಾಜಿನಂಥ ಒಂದು ಪದರ ಹೊಡೆದಿರುತ್ತಾರೆ, ಕ್ಲಿಯರ್ ಎನ್ನುತ್ತಾರೆ ಅದಕ್ಕೆ. ಹೊಳಪೆಲ್ಲ ಅದರದ್ದೇ. ಪಾಲಿಶ್ ಎಂದರೆ ಏನೋ ಹಚ್ಚುವುದು ಎಂದು ಜನ ತಿಳಿದಿದ್ದಾರೆ. ಹಚ್ಚುವುದಲ್ಲ, ತೆಗೆಯುವುದು. ಗೀರು ಎಲ್ಲಿಗೂ ಮಾಯವಾಗುವುದಿಲ್ಲ. ಗೀರಿನ ಸುತ್ತಲಿನ ಕ್ಲಿಯರನ್ನು ಸವೆಸಿ ಸವೆಸಿ ಗೀರಿನ ತಳದವರೆಗೆ ಇಳಿಸುತ್ತಾರೆ, ಆಗ ಕಣ್ಣಿಗೆ ಎಲ್ಲ ಸಮ ಕಾಣುತ್ತದೆ. ಸವೆಸಲು ಪದರ ಉಳಿದಿರಬೇಕು, ಅಷ್ಟೇ.

ಮೀಟರ್ ಎಂಬತ್ತು ಮೈಕ್ರಾನ್ ಎಂದಿತು. ಅವನು ನಂಬಲಿಲ್ಲ. ಮೀಟರನ್ನು ಅಂಗಿಗೆ ಒರೆಸಿ ಕಾರಿನ ತಲೆಯ ಮೇಲೆ ಹಿಡಿದ, ನೂರಿಪ್ಪತ್ತು. ಹಿಂದಿನ ಬಾಗಿಲ ಮೇಲೆ ಹಿಡಿದ, ನೂರಹದಿನೈದು. ಮತ್ತೆ ಈ ಬಾಗಿಲಿಗೆ ತಂದ. ಎಂಬತ್ತು. ಏಣಿನ ಹತ್ತಿರ ಇನ್ನೂ ಕಡಿಮೆ.

ಯಾರು ತೆಗೆದರು ಇಷ್ಟೊಂದು? ಪ್ರಶ್ನೆ ಮನಸ್ಸಿನಲ್ಲಿ ಪೂರ್ತಿಯಾಗುವ ಮೊದಲೇ ಕನ್ನಡಿಗೆ ಉತ್ತರ ಗೊತ್ತಾಯಿತು. ಈ ಕಾರಿಗೆ ಮೆಶಿನ್ ಹಿಡಿದವನು ಲೋಕದಲ್ಲಿ ಅವನೊಬ್ಬನೇ.

ಅಕ್ಕ ಅಳುತ್ತ ಫೋನ್ ಮಾಡಿದಾಗಲೆಲ್ಲ ಮುಂದಿನ ಭಾನುವಾರ ಅವನು ಬಕೆಟ್ಟು, ಮೆಶಿನ್ನು ಹೊತ್ತುಕೊಂಡು ಇಲ್ಲಿಗೆ ಬರುತ್ತಿದ್ದ. "ಭಾವ, ಕಾರು ಸ್ವಲ್ಪ ಮಂಕಾಗಿದೆ, ಒಂದ್ ಕೈ ನೋಡ್ಲಾ?" ಎಂದು ಹಲ್ಲು ಕಿರಿಯುತ್ತಿದ್ದ. ಭಾವನ ಮುಖ ಅರಳುತ್ತಿತ್ತು. ಕೆಲಸ ಮುಗಿದ ಮೇಲೆ ಭಾವ ಮೊದಲು ನೋಡುವುದು ತಾನು ಕೂರುವ ಬದಿಯ ಬಾಗಿಲನ್ನು. ಅದು ಗೊತ್ತಿದ್ದೇ ಕನ್ನಡಿ ಆ ಬಾಗಿಲಿಗೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು ಹೊಡೆಯುತ್ತಿದ್ದ. "ಭಾಮೈದ ಅಂದ್ರೆ ಹಿಂಗಿರ್ಬೇಕು ನೋಡು" ಎಂದು ಭಾವ ಬೆನ್ನು ತಟ್ಟಿದರೆ ಅಕ್ಕನಿಗೆ ಒಂದು ತಿಂಗಳ ನೆಮ್ಮದಿ ಸಿಕ್ಕಿತು ಎಂದು ಇವನ ಲೆಕ್ಕ. ಸಿಕ್ಕಿತೋ ಇಲ್ಲವೋ ಎಂದು ಅಕ್ಕನನ್ನು ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದರೆ ಲೆಕ್ಕ ಕೆಡುತ್ತಿತ್ತಲ್ಲ.

ಮಣಿಕಟ್ಟು ಮುರಿದ ಸಲ ಅಕ್ಕ ಇವನ ಮನೆಗೇ ಬಂದುಬಿಟ್ಟಿದ್ದಳು. ಒಂದು ವಾರ ಇದ್ದಳು. ಆಮೇಲೆ ಭಾವ ಫೋನಿನಲ್ಲಿ ಬೆಣ್ಣೆಯಂಥ ಮಾತಾಡಿದ, ಕನ್ನಡಿ ಕರಗಿದ. "ನಾಲ್ಕು ಜನ ಏನಂತಾರೆ, ಹೊಂದ್ಕೊಂಡು ಹೋಗಕ್ಕ" ಎಂದು ತಾನೇ ವ್ಯಾನಿನಲ್ಲಿ ಕರೆತಂದು ಬಿಟ್ಟ. ಅವತ್ತೂ ಪಾಲಿಶ್ ಮಾಡಿದ. ಬ್ಯಾಂಡೇಜು ಕಟ್ಟಿದ ಕೈಯಲ್ಲಿ ಅಕ್ಕ ನೀರಿನ ಪೈಪು ಹಿಡಿದುಕೊಂಡು ನಿಂತಿದ್ದಳು.

"ಏನಾಯ್ತೋ? ಯಾಕ್ ಸುಮ್ನೆ ಕೂತೆ?" ಎಂದಳು ಅಕ್ಕ ಈಗ.

"ಏನಿಲ್ಲ. ಟೇಪ್ ಕೊಡು."

ಅವನು ಮೆಶಿನ್ ತಾಗಿ ಸವೆಯದಿರಲೆಂದು ಏಣಿನ ನೆತ್ತಿಯ ಮೇಲೆ, ರಬ್ಬರ್ ಅಂಚಿನ ಮೇಲೆ, ಹಿಡಿಯ ಸುತ್ತ ಕಾಗದದ ಟೇಪು ಅಂಟಿಸಿದ. ಉಣ್ಣೆಯ ಪ್ಯಾಡನ್ನು ಮೆಶಿನ್ನಿಗೆ ಕೂರಿಸಿದ. ಕ್ಲಿಯರನ್ನು ಸವೆಸುವ ರಬ್ಬಿಂಗ್ ಕಾಂಪೌಂಡ್ ನೋಡಲು ಗಟ್ಟಿ ಮೊಸರಿನ ಹಾಗೆ. ಬೆರಳುಗಳ ನಡುವೆ ತಿಕ್ಕಿದರೆ ಮಾತ್ರ ಒಳಗಿನ ನುಣುಪು ಮರಳು ಗೊತ್ತಾಗುತ್ತದೆ. ನಾಲ್ಕು ಚುಕ್ಕಿ ಇಟ್ಟು, ಮೊದಲು ಮೆಶಿನ್ ನಿಧಾನ ಮಾಡಿ ಸವರಿ, ಆಮೇಲೆ ವೇಗ ಏರಿಸಿದ. ಗುಂಯ್ ಎಂಬ ಸದ್ದು ಬೀದಿಯನ್ನೆಲ್ಲ ತುಂಬಿತು.

ಸದ್ದಿಗೆ ಪಕ್ಕದ ಗೋಡೆಯ ಮೇಲೆ ಒಂದು ತಲೆ ಎದ್ದಿತು. ನಿವೃತ್ತರಾದ ಮೇಷ್ಟ್ರು. ಬೆಳಗಿನಿಂದ ಸಂಜೆವರೆಗೆ ಆ ಗೋಡೆಯೇ ಅವರ ಕುರ್ಚಿ, ಮೇಜು, ದಿನಪತ್ರಿಕೆ.

"ಗೀರಾ? ಟೂತ್‌ಪೇಸ್ಟ್ ಹಚ್ಚಿ ನೋಡಪ್ಪಾ. ಬಿಳೀದು. ನಮ್ಮ ಸ್ಕೂಟರಿಗೆ ನಾನು ಅದನ್ನೇ ಹಚ್ಚಿದ್ದು."

"ಹೂಂ ಮೇಷ್ಟ್ರೇ."

"ನಿಮ್ಮ ಭಾವ ಎಷ್ಟು ಒಳ್ಳೆ ಮನುಷ್ಯ! ನನ್ನ ನೋಡಿದ್ರೆ ಸಾಕು, ಕಾರು ನಿಲ್ಸಿ ನಮಸ್ಕಾರ ಹೇಳ್ತಾರೆ. ಅವರ ಗಾಡಿಗೆ ಹಿಂಗಾಯ್ತಲ್ಲ, ಪಾಪ."

ಅಕ್ಕ ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ಆ ಗೋಡೆಗೂ ಅಕ್ಕನ ಮಲಗುವ ಕೋಣೆಯ ಕಿಟಕಿಗೂ ನಡುವೆ ಎರಡು ಮಾರು ದೂರವಿಲ್ಲ. ಇಷ್ಟು ವರ್ಷ ಆ ಕಿಟಕಿಯಿಂದ ಏನೆಲ್ಲ ಕೇಳಿಸಿರಬೇಕು ಆ ಮನುಷ್ಯನಿಗೆ! ಎಲ್ಲ ಕೇಳಿಸಿಕೊಂಡು ಕೊನೆಗೆ ಬಾಯಿಬಿಟ್ಟು ಹೇಳಿದ ಸಲಹೆ ಟೂತ್‌ಪೇಸ್ಟ್. ಆದರೆ ಮೇಷ್ಟ್ರನ್ನು ಬೈದು ಏನು ಪ್ರಯೋಜನ, ಕನ್ನಡಿ ತಂದದ್ದೂ ಅಂಥದೇ ಒಂದು ಪೇಸ್ಟು.

ಎರಡು ಸುತ್ತು ಮುಗಿಸಿ ಒರೆಸಿ, ಟಾರ್ಚ್ ಹಿಡಿದು ನೋಡಿದ. ಗೀರಿನ ಹಿಂದಿನ ಅರ್ಧ ಪೂರ್ತಿ ಹೋಗಿತ್ತು! ಅಲ್ಲಿ ಗೀರಿತ್ತು ಎಂದು ಅವನಿಗೇ ನಂಬಿಕೆ ಬರದಷ್ಟು ಚೊಕ್ಕವಾಗಿ ಹೋಗಿತ್ತು. ಅವನ ಜೀವ ಚೂರು ಹಗುರಾಯಿತು. ಇನ್ನೂ ಸಂಜೆಯವರೆಗೆ ಹೊತ್ತಿದೆ, ನಿಧಾನವಾಗಿ ಹೋದರೆ ಮುಂದಿನ ಅರ್ಧವನ್ನೂ ಮಸುಕು ಮಾಡಬಹುದು, ಪೂರ್ತಿ ತೆಗೆಯುವುದು ಬೇಡ, ಭಾವನ ಕಣ್ಣಿಗೆ ಬೀಳದಷ್ಟಾದರೆ ಸಾಕು, ಎಂದು ಅಂದಾಜು ಹಾಕುತ್ತಿರುವಾಗ ಒಳಗೆ ಫೋನ್ ರಿಂಗಾಯಿತು. ಅಕ್ಕ ಹೊರಗೆ ಬಂದಾಗ ಅವಳ ತುಟಿಯಲ್ಲಿ ರಕ್ತವೇ ಇರಲಿಲ್ಲ.

"ಮೀಟಿಂಗ್ ಬೇಗ ಮುಗೀತಂತೆ. ಊಟದ ಹೊತ್ತಿಗೆ ಬರ್ತಾರಂತೆ. ಕಂಪನಿ ಗಾಡೀಲಿ ಹೊರಟಾಗಿದೆ."

"ಊಟದ ಹೊತ್ತಿಗಾ?"

"ಬೇಗ ಮಾಡೋ. ಕೈ ಮುಗೀತೀನಿ, ಬೇಗ ಮಾಡೋ."

ತನಗಿಂತ ಐದು ವರ್ಷ ದೊಡ್ಡವಳು, ತನ್ನನ್ನು ಎತ್ತಿ ಆಡಿಸಿದವಳು ಕೈ ಜೋಡಿಸಿ ನಿಂತದ್ದನ್ನು ನೋಡಿ ಕನ್ನಡಿಗೆ ಬುದ್ಧಿ ಮಂಕಾಯಿತು. ಅವಸರದ ಕೆಲಸ ಎಡವಟ್ಟು ಎಂದು ಗ್ಯಾರೇಜಿನ ಹುಡುಗರಿಗೆ ದಿನಾ ಬೋಧನೆ ಮಾಡುತ್ತಿದ್ದವನು ಅವನೇ. ಏಣಿನ ಮೇಲಿನ ಟೇಪು ಗೀರಿಗೆ ಅಡ್ಡ ಬರುತ್ತಿತ್ತು. ಕಿತ್ತೆಸೆದ. ಕಾಂಪೌಂಡನ್ನು ಧಾರಾಳವಾಗಿ ಸುರಿದ. ಮೆಶಿನ್ನನ್ನು ಚಪ್ಪಟೆಯಾಗಿ ಹಿಡಿಯಬೇಕಾದ ಕಡೆ ಓರೆ ಮಾಡಿ, ಪ್ಯಾಡಿನ ಅಂಚಿನಿಂದ, ಗೀರು ಆಳವಿದ್ದ ಜಾಗದಲ್ಲೇ ಒತ್ತಿ ಹಿಡಿದ. ಒಂದು ಸುತ್ತಿಗೆ ಗೀರು ಸಣ್ಣಗಾಯಿತು. ಎರಡನೆಯದಕ್ಕೆ ಕೂದಲೆಳೆಯಷ್ಟಾಯಿತು. ಬೆರಳಿಟ್ಟು ನೋಡಿದರೆ ತಗಡು ಬಿಸಿಯಾಗಿತ್ತು, ನಿಲ್ಲಿಸಬೇಕಿತ್ತು. ಇನ್ನೊಂದೇ ಒಂದು ಸುತ್ತು ಎಂದುಕೊಂಡ.

ಮೆಶಿನ್ನಿನ ಸದ್ದು ಬದಲಾಗಲಿಲ್ಲ, ವಾಸನೆಯೂ ಬರಲಿಲ್ಲ. ಬಿಳಿಯ ಉಣ್ಣೆಯಲ್ಲಿ ಮಾತ್ರ ನೀಲಿ ಕಂಡಿತು.

ಕ್ಲಿಯರ್ ಸವೆಯುವಷ್ಟು ಹೊತ್ತು ಪ್ಯಾಡು ಬಿಳಿಯಾಗಿಯೇ ಇರುತ್ತದೆ. ಬಣ್ಣ ಹತ್ತಿತು ಎಂದರೆ ಮೇಲಿನ ಪದರ ಹರಿದು ಒಳಗಿನ ಬಣ್ಣಕ್ಕೆ ಬಾಯಿ ಹಾಕಿತು ಎಂದೇ ಅರ್ಥ. ಕನ್ನಡಿ ಮೆಶಿನ್ ನಿಲ್ಲಿಸಿದ. ಒರೆಸಲು ಧೈರ್ಯವಾಗದೆ ಸ್ವಲ್ಪ ಹೊತ್ತು ಬಟ್ಟೆ ಹಿಡಿದು ಹಾಗೇ ನಿಂತ. ಒರೆಸಿದ. ಏಣಿನ ಮೇಲೆ ಹಸ್ತದಷ್ಟು ಅಗಲ, ಹೊಳಪು ಸತ್ತ, ಸೀಮೆಸುಣ್ಣ ಸವರಿದಂಥ ಒಂದು ಕಲೆ; ಅದರ ನಟ್ಟನಡುವೆ ನೀಲಿಯೂ ಹೋಗಿ ಕೆಳಗಿನ ಬೂದು ಪ್ರೈಮರ್ ಇಣುಕುತ್ತಿತ್ತು. ಗೀರು ಹೋಗಿತ್ತು. ಅಲ್ಲಿ ಗೀರು ಬೀಳುವುದಕ್ಕೂ ಏನೂ ಉಳಿದಿರಲಿಲ್ಲ.

"ಹೋಯ್ತಾ?" ಅಕ್ಕ ಹಿಂದಿನಿಂದ ಬಗ್ಗಿ ನೋಡಿದಳು. ಆಮೇಲೆ ನೆಟ್ಟಗಾಗಿ ಒಳಗೆ ಹೋದಳು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಕನ್ನಡಿ ಗ್ಯಾರೇಜಿನ ಪೇಂಟರಿಗೆ ಫೋನ್ ಹಚ್ಚಿದ. "ಮಾಮ, ಒಂದ್ ಅಂಗೈ ಅಗಲ ಸುಟ್ಟೋಯ್ತು ಮಾಮ. ಕಡುನೀಲಿ. ಈಗ ತಂದ್ರೆ ಹೊಡ್ಕೊಡ್ತೀರಾ?"

"ಈಗ ತಂದ್ರೆ ನಾಳೆ ಸಾಯಂಕಾಲ ತಗೊಂಡ್ಹೋಗು. ಪ್ರೈಮರ್ ಒಣಗ್ಬೇಕು, ಬಣ್ಣ ಒಣಗ್ಬೇಕು, ಕ್ಲಿಯರ್ ಒಣಗ್ಬೇಕು. ಇಡೀ ಬಾಗಿಲೇ ಹೊಡೀಬೇಕಪ್ಪಾ, ತೇಪೆ ಹಾಕಿದ್ರೆ ಕುರುಡನಿಗೂ ಕಾಣುತ್ತೆ."

"ಮಾಮ, ಒಂದ್ ಗಂಟೇಲಿ..."

"ಒಂದ್ ಗಂಟೇಲಿ ಬೇಕಾದ್ರೆ ಬಾಗಿಲಿಗೆ ಒಂದು ಸ್ಟಿಕ್ಕರ್ ಅಂಟ್ಸು." ಪೇಂಟರ್ ನಕ್ಕು ಫೋನಿಟ್ಟ.

ಕನ್ನಡಿ ಮೇಣದ ಡಬ್ಬಿ ತೆಗೆದು ಕಲೆಯ ಮೇಲೆ ಬಳಿದ. ಒದ್ದೆಯಾಗಿದ್ದಷ್ಟು ಹೊತ್ತು ಕಲೆ ಮುಚ್ಚಿಹೋಗಿ ಬಾಗಿಲು ಫಳಫಳ ಎಂದಿತು. ಉಸಿರು ಬಿಗಿಹಿಡಿದು ನೋಡುತ್ತಿರುವಂತೆಯೇ ಮೇಣ ಒಣಗಿ ಕಲೆ ಮತ್ತೆ ಮೇಲಕ್ಕೆ ಬಂತು. ಅಡುಗೆಮನೆಗೆ ಓಡಿ ಎಣ್ಣೆ ತಂದು ಸವರಿದ. ನೀರು ಚಿಮುಕಿಸಿದ. ಕಾರನ್ನು ಗೋಡೆಯ ನೆರಳಿಗೆ ಸರಿಸಿ ನೋಡಿದ. ತನ್ನ ಅಂಗಿಯ ಜೇಬಿನ ನೀಲಿ ಪೆನ್ನನ್ನೂ ಒಂದು ಸಲ ಕೈಗೆ ತೆಗೆದುಕೊಂಡ, ಆಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಗಿ ಅದನ್ನು ಕಿಸೆಗೆ ತುರುಕಿದ.

"ಸಾಕು ಬಿಡೋ," ಎಂದಳು ಅಕ್ಕ. ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಗಂಡ ಬರುವ ಹೊತ್ತಾಯಿತೆಂದು ತಲೆ ಬಾಚಿಕೊಂಡಿದ್ದಳು, ಸೀರೆ ಬದಲಾಯಿಸಿಕೊಂಡಿದ್ದಳು. ಏಟು ತಿನ್ನುವುದಕ್ಕೂ ಅಚ್ಚುಕಟ್ಟಾಗಿ ತಯಾರಾಗುವ ಅಭ್ಯಾಸ ಮನುಷ್ಯನಿಗೆ ಹೇಗೆ ಬರುತ್ತದೋ ದೇವರೇ ಬಲ್ಲ.

ಕನ್ನಡಿ ಅವಳ ಪಕ್ಕ ಬಂದು ಕುಸಿದ. ಕೈಗಳು ಮೆಶಿನ್ನಿನ ನಡುಕವನ್ನು ಇನ್ನೂ ಬಿಟ್ಟಿರಲಿಲ್ಲ.

"ಅಕ್ಕ, ನೀನು ಹೊರಗೆ ತೆಗೆಯೋವಾಗ ತಾಗ್ಸಿದ್ದಲ್ಲ. ಒಳಗೆ ಬರೋವಾಗ ತಾಗ್ಸಿದ್ದು."

ಅವಳು ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. "ಹೂಂ."

"ಎಲ್ಲಿಗೆ ಹೋಗಿದ್ದೆ?"

"ನಿನ್ ಮನೆಗೆ ಬಂದ್ಬಿಡೋಣ ಅಂತ ಹೊರಟಿದ್ದೆ ಕಣೋ. ನಿನ್ನೆ. ನಾಲ್ಕು ಸೀರೆ ಚೀಲಕ್ಕೆ ಹಾಕ್ಕೊಂಡು, ಚಾವಿ ತಗೊಂಡು. ಎಷ್ಟೋ ವರ್ಷ ಆಗಿತ್ತು ಓಡ್ಸಿ. ಪೆಟ್ರೋಲ್ ಬಂಕ್ ಹತ್ರ ನಿಲ್ಸಿ ನಿನಗೆ ಫೋನ್ ಮಾಡ್ದೆ. ಮಾಡಿದ್ನಾ ಇಲ್ವಾ?"

ಮಾಡಿದ್ದಳು. ನಿನ್ನೆ ಮಧ್ಯಾಹ್ನ, ಇವನ ಕೈಯಲ್ಲಿ ಯಾವುದೋ ಗಿರಾಕಿಯ ಕಾರು, ಒಂದು ಕಿವಿಗೆ ಫೋನು. ಅಕ್ಕ "ಇನ್ನು ಆಗಲ್ಲ ಕಣೋ ನನ್ ಕೈಲಿ" ಎಂದಿದ್ದಳು. ಇವನು ಪೂರ್ತಿ ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಂಡಷ್ಟಕ್ಕೆ ಉತ್ತರ ಮೊದಲೇ ಸಿದ್ಧವಿತ್ತು.

"ನೀನೇನಂದೆ?" ಎಂದಳು ಅಕ್ಕ. ಅವಳ ಧ್ವನಿಯಲ್ಲಿ ದೂರು ಇರಲಿಲ್ಲ. ಅದೇ ಅವನಿಗೆ ತಡೆಯಲಾಗದ್ದು.

"ಸ್ವಲ್ಪ ಸಹಿಸ್ಕೊ, ಭಾನುವಾರ ಬಂದು ಕಾರು ಪಾಲಿಶ್ ಮಾಡ್ಕೊಡ್ತೀನಿ, ಭಾವ ತಣ್ಣಗಾಗ್ತಾರೆ ಅಂದೆ."

"ಹಂಗಂದ್ಮೇಲೆ ಎಲ್ಲಿಗೆ ಅಂತ ಬರ್ಲಿ? ತಿರುಗ್ಸಿದೆ. ಗೇಟಿನ ಹತ್ರ ಬಂದಾಗ ಕಣ್ಣು ಸರಿಯಾಗಿ ಕಾಣ್ಲಿಲ್ಲ."

ಕನ್ನಡಿ ಮುಖ ಮುಚ್ಚಿಕೊಂಡ. ಬೆರಳಲ್ಲೆಲ್ಲ ಕಾಂಪೌಂಡಿನ ವಾಸನೆ. ಅಳು ಬಂತು, ಅತ್ತ. ಮೇಷ್ಟ್ರ ತಲೆ ಗೋಡೆಯ ಮೇಲಿದೆ ಎಂದು ಗೊತ್ತಿದ್ದೂ ಅತ್ತ. ಕೆಟ್ಟ ಮೇಲೆ ಬುದ್ಧಿ ಬರುವುದು ಲೋಕರೂಢಿ. ಅವನಿಗೆ ಬಂದದ್ದು ಬುದ್ಧಿಯೋ ಬರೀ ಕಣ್ಣೀರೋ ಎಂಬುದು ಅವನಿಗಿನ್ನೂ ಗೊತ್ತಾಗಿರಲಿಲ್ಲ.

ಬೀದಿಯ ತಿರುವಿನಲ್ಲಿ ಕಂಪನಿಯ ಗಾಡಿಯ ಹಾರನ್ ಕೇಳಿತು. ಅಕ್ಕ ತಟ್ಟನೆ ಎದ್ದು ಸೆರಗು ಸರಿಮಾಡಿಕೊಂಡಳು.

"ಏನೇ ಆದ್ರೂ ನಾನೇ ಮಾಡಿದ್ದು ಅಂತೀನಿ. ನೀನು ಬಾಯಿ ಬಿಡ್ಬೇಡ," ಎಂದ ಕನ್ನಡಿ, ಕಣ್ಣೊರೆಸಿಕೊಳ್ಳುತ್ತ.

ಭಾವ ಗೇಟು ತೆಗೆದು ಬಂದ. ನೋಡಲು ಲಕ್ಷಣವಾದ ಮನುಷ್ಯ, ಪ್ರಯಾಣ ಮಾಡಿ ಬಂದರೂ ಅಂಗಿ ಮಾಸಿರಲಿಲ್ಲ. ಗೋಡೆಯ ಕಡೆಗೆ ತಿರುಗಿ "ನಮಸ್ಕಾರ ಮೇಷ್ಟ್ರೇ" ಎಂದ. ಇವನನ್ನು ನೋಡಿ "ಓಹೋ, ಭಾಮೈದ! ಏನು ವಿಶೇಷ?" ಎಂದ. ಆಮೇಲೆ ಕಾರನ್ನು ನೋಡಿದ. ಬ್ಯಾಗು ಕೆಳಗಿಟ್ಟು, ಹತ್ತಿರ ಬಂದು, ಎರಡು ಬೆರಳಿನಿಂದ ಕಲೆಯನ್ನು ಮೆಲ್ಲಗೆ ಸವರಿದ.

"ನನ್ ತಪ್ಪು ಭಾವ. ನೀವು ಬರೋದ್ರೊಳಗೆ ಪಾಲಿಶ್ ಮಾಡಿಡೋಣ ಅಂತ ಬಂದೆ. ಕೈ ಮೀರ್ತು. ಬಾಗಿಲು ನಾನೇ ಹೊಡೆಸ್ಕೊಡ್ತೀನಿ."

ಭಾವ ಬೆರಳು ಒರೆಸಿಕೊಂಡು ನಕ್ಕ. "ಹೋಗ್ಲಿ ಬಿಡೋ. ಕಾರು ತಾನೇ. ತಪ್ಪು ಮನುಷ್ಯ ಮಾಡ್ದೆ ಮರ ಮಾಡುತ್ತಾ?"

ಬೇರೆ ದಿನವಾಗಿದ್ದರೆ ಕನ್ನಡಿ ಈ ನಗುವಿಗೆ ಮರುಳಾಗಿ, ಭಾವ ದೇವರಂಥವರು ಎಂದು ಮನೆಗೆ ಹೋಗಿ ಹೆಂಡತಿಯ ಮುಂದೆ ಹೇಳುತ್ತಿದ್ದ. ಇವತ್ತು ಅವನು ಭಾವನ ಮುಖ ನೋಡುವುದು ಬಿಟ್ಟು ಅಕ್ಕನ ಕಡೆ ನೋಡಿದ. ಗಂಡ ನಗುತ್ತಿದ್ದಂತೆ ಅವಳ ಎರಡೂ ಹೆಗಲು ಕಿವಿಯ ಹತ್ತಿರ ಬಂದಿದ್ದವು. ಬಲಗೈ ತಾನಾಗಿ ಹೋಗಿ ಎಡ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಇಷ್ಟು ವರ್ಷ ಅವಳು ಹೀಗೇ ನಿಂತಿದ್ದಳೋ ಏನೋ. ಬಾಗಿಲಿನ ಹೊಳಪು ನೋಡುವವನಿಗೆ ಅದೆಲ್ಲಿ ಕಾಣಬೇಕು.

ಭಾವ ಬ್ಯಾಗು ಎತ್ತಿಕೊಂಡವನು ಗೇಟಿನ ಕಡೆ ತಿರುಗಿ ನಿಂತ. ಬಿಳಿ ಕಂಬದ ಮೇಲೆ, ಸೊಂಟದ ಎತ್ತರಕ್ಕೆ, ಕಡುನೀಲಿ ಬಣ್ಣದ ಒಂದು ಬರೆ ಢಾಳಾಗಿ ಕಾಣುತ್ತಿತ್ತು. ಬೆಳಗಿನಿಂದ ಬಾಗಿಲಿನ ಮೇಲಿನ ಕೂದಲೆಳೆಯನ್ನು ಟಾರ್ಚ್ ಹಾಕಿ ಹುಡುಕಿದ ಕನ್ನಡಿ ಕಂಬದ ಕಡೆ ತಲೆ ಎತ್ತಿಯೂ ನೋಡಿರಲಿಲ್ಲ. ಕಾರಿನವನಿಗೆ ಕಾರೇ ಲೋಕ.

"ಕಂಬಕ್ಕೂ ಪಾಲಿಶ್ ಮಾಡಿದ್ಯೇನೋ?" ಎಂದ ಭಾವ. ಅದೇ ನಗು. ಗೋಡೆಯ ಮೇಲಿನ ತಲೆ ಮೆಲ್ಲಗೆ ಕೆಳಗಿಳಿಯಿತು.

"ಸರಿ, ನೀನು ಹೊರಡಪ್ಪಾ. ಪಾಪ, ಬೆಳಗಿಂದ ದುಡಿದು ಸುಸ್ತಾಗಿದೀಯ." ಆಮೇಲೆ ಅಕ್ಕನಿಗೆ, ಇನ್ನೂ ಮೆತ್ತಗೆ: "ನೀನು ಒಳಗೆ ಬಾ. ಸ್ವಲ್ಪ ಟೀ ಮಾಡು."

ಅಕ್ಕ ಒಳಗೆ ಹೆಜ್ಜೆ ಹಾಕಿದಳು. ಕನ್ನಡಿ ಬಗ್ಗಿ ಮೆಶಿನ್ನಿನ ವೈರು ಸುತ್ತತೊಡಗಿದ. ಹೌದು, ಸುತ್ತತೊಡಗಿದ. ಎಲ್ಲ ಭಾನುವಾರಗಳೂ ಹೀಗೇ ಮುಗಿದಿದ್ದವು: ವೈರು ಸುತ್ತಿ, ಬಕೆಟ್ಟು ತೊಳೆದು, ಬರ್ತೀನಕ್ಕ ಎಂದು. ಕೈಗೆ ಬೇರೆ ಏನೂ ಗೊತ್ತಿರಲಿಲ್ಲ. ಅರ್ಧ ಸುತ್ತಿದವನು ತಲೆ ಎತ್ತಿದಾಗ ಅಕ್ಕ ಹೊಸ್ತಿಲ ಮೇಲೆ ಬಲಗಾಲಿಟ್ಟಿದ್ದಳು, ಭಾವ ಬಾಗಿಲು ಹಿಡಿದುಕೊಂಡು ಅವಳು ದಾಟುವುದನ್ನು ಕಾಯುತ್ತಿದ್ದ.

"ಅಕ್ಕ, ಬೇಡ."

ತನ್ನ ಧ್ವನಿ ಅಷ್ಟು ಜೋರಾಗಿ ಬಂದದ್ದಕ್ಕೆ ಅವನಿಗೇ ಗಾಬರಿಯಾಯಿತು. ವೈರು ಕೈಯಿಂದ ಬಿತ್ತು.

"ಒಳಗೆ ಹೋಗ್ಬೇಡ. ವ್ಯಾನ್ ಹತ್ತು."

ಅವಳು ತಿರುಗಿ ನೋಡಿದಳು. ಅರ್ಥವಾಗದವಳಂತೆ ಒಮ್ಮೆ ಗಂಡನನ್ನು, ಒಮ್ಮೆ ತಮ್ಮನನ್ನು ನೋಡಿದಳು. ಕನ್ನಡಿ ಹೋಗಿ ಅವಳ ತೋಳು ಹಿಡಿದ. ಭಾವ ಅಡ್ಡ ಬಂದರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ, ಹೊಡೆದಾಡಿ ಅಭ್ಯಾಸವಿಲ್ಲದ ಜೀವ.

ಭಾವ ಅಡ್ಡ ಬರಲಿಲ್ಲ. ಬಾಗಿಲಿಗೆ ಒರಗಿ ನಿಂತು, ಮೇಷ್ಟ್ರ ಗೋಡೆಗೂ ಕೇಳುವಷ್ಟು ಜೋರಾಗಿ, ಸರಾಗವಾಗಿ ಹೇಳಿದ: "ಹೋಗಿ ಬಾ, ಹೋಗಿ ಬಾ. ಒಂದು ವಾರ ಇದ್ದು ಬಾ. ನಿನ್ನ ತಮ್ಮನೇ ತಂದು ಬಿಡ್ತಾನೆ. ಹೋದ ಸಲ ತಂದು ಬಿಡ್ಲಿಲ್ವಾ?"

ಕನ್ನಡಿ ಕೆನ್ನೆಗೆ ಹೊಡೆಸಿಕೊಂಡವನಂತೆ ನಿಂತ. ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಆಮೇಲೆ ಅಕ್ಕನ ತೋಳು ಬಿಡದೆ ಗೇಟು ದಾಟಿಸಿದ. ಮೆಶಿನ್ನು, ಪ್ಯಾಡುಗಳು, ಬಾಯಿ ತೆರೆದ ಕಾಂಪೌಂಡಿನ ಬಾಟಲಿ, ಎಲ್ಲ ಸಿಮೆಂಟು ನೆಲದ ಮೇಲೆ ಬಿದ್ದಲ್ಲೇ ಬಿದ್ದಿದ್ದವು. ಅನ್ನ ಕೊಡುವ ಸಾಮಾನು. ತಿರುಗಿ ನೋಡಲಿಲ್ಲ.

ಅಕ್ಕ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಳು. ಕಾಲಲ್ಲಿ ಚಪ್ಪಲಿಯಿರಲಿಲ್ಲ. ಬಾಗಿಲು ತೆರೆದೇ ಇತ್ತು, ಒಂದು ಕಾಲು ಇನ್ನೂ ಹೊರಗಿತ್ತು.

"ಅವರು ಹೇಳಿದ್ದು ಹೌದೇನೋ?" ಎಂದಳು. "ಮತ್ತೆ ತಂದು ಬಿಡ್ತೀಯಾ?"

"ಇಲ್ಲಕ್ಕ."

ಅವಳು ಅವನ ಮುಖವನ್ನು ತುಂಬ ಹೊತ್ತು ನೋಡಿದಳು. ನಂಬಲಿಲ್ಲ. ಅವಳು ನಂಬಲಿಲ್ಲ ಎಂಬುದು ಅವನಿಗೆ ಗೊತ್ತಾಯಿತು, ನಂಬು ಎಂದು ಕೇಳುವ ಬಾಯಿ ತನಗಿಲ್ಲ ಎಂಬುದೂ ಗೊತ್ತಾಯಿತು. ಅವನು ಚಾವಿ ತಿರುಗಿಸಿದ.

ಅಕ್ಕ ಹೊರಗಿದ್ದ ಕಾಲನ್ನು ಒಳಗೆ ತೆಗೆದುಕೊಂಡು ಬಾಗಿಲು ಎಳೆದಳು. ಹಳೇ ವ್ಯಾನು, ಒಂದೇ ಸಲಕ್ಕೆ ಹಾಕಿಕೊಳ್ಳುವ ಬಾಗಿಲಲ್ಲ. ಮತ್ತೆ ತೆರೆದು, ಎರಡೂ ಕೈಯಿಂದ ಜೋರಾಗಿ ಎಳೆದಳು.